ಮಗಳು ಮೈಕ್ ಹಿಡಿದ ಹದಿನಾಲ್ಕು ತಿಂಗಳು

ಕಳೆದ ಶನಿವಾರ ಶಿರಸಿಯ ಒಂದು ಸಭಾಭವನದಲ್ಲಿ ನನ್ನ ಮಗಳು 40 ನಿಮಿಷ ಒಬ್ಬಳೇ ನಿಂತು ಜನರನ್ನು ನಗಿಸಿದಳು. ಅವಳಿಗೆ ಈಗ 17. ಇನ್ನು ದ್ವಿತೀಯ ಪಿಯು ಪರೀಕ್ಷೆ ಮುಗಿಯುವವರೆಗೆ ಮೈಕ್ ಮುಟ್ಟುವುದಿಲ್ಲ ಅಂತ ಅವಳೇ ಹೇಳಿದ್ದಾಳೆ. ಹಾಗಾಗಿ ನನಗೂ ಈಗ ಕೂತು ಬರೆಯಲು ಬಿಡುವು ಸಿಕ್ಕಿದೆ.

ಬರೆಯಲೇಬೇಕು ಅಂತ ಅನ್ನಿಸಿದ್ದಕ್ಕೆ ಕಾರಣ ಇದೆ. ಅವಳ ವಿಡಿಯೋ ಓಡಿದ ಮೇಲೆ ಕುಮಟಾ, ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಸುಮಾರು ಪಾಲಕರು ನನಗೆ ಫೋನ್ ಮಾಡಿದರು. ‘ನಮ್ಮ ಮಗನೂ ಚೆನ್ನಾಗಿ ಮಾತಾಡ್ತಾನೆ, ಎಲ್ಲಿಂದ ಶುರು ಮಾಡಬೇಕು?’ ಅಂತ ಎಲ್ಲರ ಪ್ರಶ್ನೆ. ಒಬ್ಬೊಬ್ಬರಿಗೂ ಹೇಳುವಾಗ ಅರ್ಧ ಮರೆತುಹೋಗುತ್ತಿತ್ತು. ಶುರುವಿನಲ್ಲಿ ನಮಗೆ ಹೇಳುವವರು ಯಾರೂ ಇರಲಿಲ್ಲ.

ಮೊದಲ ವೇದಿಕೆ ನಮ್ಮ ಮನೆಯ ಜಗಲಿ. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಹತ್ತರವರೆಗೂ ಅಡಿಕೆ ಸುಲಿಯುತ್ತೇವೆ. ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಿಡಿದು ಕೂತಿರುತ್ತಾರೆ. ನಡುವೆ ಕವಳದ, ಅಂದರೆ ಎಲೆ ಅಡಿಕೆಯ, ಹರಿವಾಣ. ಅಲ್ಲಿ ನಿದ್ದೆ ಬರದ ಹಾಗೆ ಮಾತಾಡುವವರಿಗೆ ಬಹಳ ಬೆಲೆ. ಮಗಳು ಏಳೆಂಟು ವರ್ಷದವಳಿದ್ದಾಗಿನಿಂದ ಆ ಕೆಲಸ ಅವಳದ್ದು. ಪುರೋಹಿತರ ಮಾತು, ಅಡಿಕೆ ಕೊಯ್ಯುವ ಕೊನೆಗೌಡ ಮರದ ಮೇಲಿಂದ ಬೈಯುವುದು, ಕಂಡಕ್ಟರ್ ಸೀಟಿ, ಎಲ್ಲ ಅವಳ ಬಾಯಲ್ಲಿ ಬರುತ್ತಿತ್ತು. ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡರ ಹಾಸ್ಯ ಭಾಷಣಗಳನ್ನು ಮೊಬೈಲಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ಪ್ರಾಣೇಶರು ಬೀಚಿಯವರನ್ನು ನೆನೆಯುವುದನ್ನು ಕೇಳಿ, ಲೈಬ್ರರಿಯಿಂದ ಬೀಚಿ ಪುಸ್ತಕ ತಂದು ಓದಿದಳು. ಬೇಸಿಗೆಯ ಯಕ್ಷಗಾನ ಶಿಬಿರದಲ್ಲಿ ಎರಡು ವರ್ಷ ಹೆಜ್ಜೆ ಕಲಿತು ಕೋಡಂಗಿ ವೇಷವನ್ನೂ ಮಾಡಿದ್ದಳು.

ಪ್ರಥಮ ಪಿಯು ಸೇರಿದ ವರ್ಷ, ಅಕ್ಟೋಬರಿನಲ್ಲಿ, ಕಾಲೇಜಿನ ಕಾರ್ಯಕ್ರಮದಲ್ಲಿ ಏಳು ನಿಮಿಷ ಮಾತಾಡಿದಳು. ಮಕ್ಕಳು ಬೆಂಚು ಬಡಿದು ನಕ್ಕರು. ಅಂದು ಸಂಜೆ ಮನೆಗೆ ಬಂದು, ಹುಬ್ಬಳ್ಳಿಯಲ್ಲಿ ಓಪನ್ ಮೈಕ್ ನಡೆಯುತ್ತದೆ, ನಾನು ಹೋಗಬೇಕು ಅಂದಳು. ಓಪನ್ ಮೈಕ್ ಅಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಕೆಫೆ ಅಥವಾ ಸಣ್ಣ ಹಾಲ್‌ನಲ್ಲಿ ಹತ್ತು ಹದಿನೈದು ಜನ ಹೊಸಬರಿಗೆ ತಲಾ ನಾಲ್ಕೈದು ನಿಮಿಷ ಕೊಡುತ್ತಾರೆ. ಆ ಅವಕಾಶಕ್ಕೆ ‘ಸ್ಪಾಟ್’ ಅನ್ನುತ್ತಾರೆ. ಸಮಯ ಮುಗಿಯುತ್ತಾ ಬಂದಾಗ ಹಿಂದಿನಿಂದ ಮೊಬೈಲ್ ಲೈಟ್ ತೋರಿಸುತ್ತಾರೆ. ಸಂಬಳ ಇಲ್ಲ. ಕೆಲವು ಕಡೆ ನಾವೇ 100, 200 ರೂಪಾಯಿ ಕೊಡಬೇಕು.

ಮೊದಲ ಅಡ್ಡಿ ವಯಸ್ಸಿನದ್ದು. ಆನ್‌ಲೈನ್ ಫಾರ್ಮ್ ತುಂಬಿದಳು. ಎರಡು ವಾರ ಉತ್ತರ ಇಲ್ಲ. ಮತ್ತೆ ತುಂಬಿದಳು. ಆಗ ಒಬ್ಬರು ಫೋನ್ ಮಾಡಿ, ಅಲ್ಲಿ ಮದ್ಯ ಕೊಡುತ್ತಾರೆ, 18 ತುಂಬದವರನ್ನು ಒಳಗೇ ಬಿಡುವುದಿಲ್ಲ ಅಂದರು. ಇನ್ನೊಂದು ಕಡೆ ಯಾರೂ ಫೋನೇ ಎತ್ತಲಿಲ್ಲ. ಮೂರನೆಯದು ಒಂದು ಕಾಫಿ ಅಂಗಡಿಯ ಮಹಡಿ. ಪಾಲಕರು ಜೊತೆಗೆ ಬಂದರೆ ಅಡ್ಡಿಲ್ಲ ಅಂದರು. ಅಲ್ಲಿ ಸ್ಪಾಟ್ ಸಿಗಲು ಐದು ವಾರ ಕಾದೆವು. ಆದ್ದರಿಂದ ಫಾರ್ಮ್ ತುಂಬುವ ಮೊದಲೇ ಮೂರು ಪ್ರಶ್ನೆ ಕೇಳಿ: ಅಲ್ಲಿ ಮದ್ಯ ಕೊಡುತ್ತಾರಾ, ವಯಸ್ಸಿನ ಮಿತಿ ಎಷ್ಟು, ಪಾಲಕರಿಗೆ ಒಳಗೆ ಜಾಗ ಇದೆಯಾ. ಮಗುವಿನ ಆಧಾರ್ ಪ್ರತಿ ಮತ್ತು ನಿಮ್ಮ ಸಹಿ ಇರುವ ಒಪ್ಪಿಗೆ ಪತ್ರ ಯಾವಾಗಲೂ ಚೀಲದಲ್ಲಿರಲಿ. ನಾನು ಒಂದೇ ಪತ್ರ ಬರೆದು ಹತ್ತು ಜೆರಾಕ್ಸ್ ಮಾಡಿಸಿಟ್ಟಿದ್ದೆ. ದಿನಾಂಕ, ಜಾಗದ ಹೆಸರು ಮಾತ್ರ ಆಮೇಲೆ ತುಂಬುತ್ತಿದ್ದೆ.

ಜನವರಿಯಲ್ಲಿ ಮೊದಲ ಸ್ಪಾಟ್. ಶಿರಸಿಯಿಂದ ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಬಸ್ಸಿನಲ್ಲಿ ಮೂರು ತಾಸು ಹಿಡಿಯುತ್ತದೆ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ. ಅದು ಇಲ್ಲದಿದ್ದರೆ ಒಂಬತ್ತು ಸಲ ಹೋಗಿಬರಲು ನನಗೆ ಆಗುತ್ತಿರಲಿಲ್ಲ, ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ದಾರಿಯುದ್ದಕ್ಕೂ ಅವಳು ಬಾಯಿ ಅಲ್ಲಾಡಿಸುತ್ತಾ ಬಂದಳು. ಅಲ್ಲಿ 22 ಜನ ಕೂತಿದ್ದರು. ಅವರಲ್ಲಿ ಅರ್ಧ ತಮ್ಮ ಸರದಿಗೆ ಕಾಯುತ್ತಿದ್ದ ಹುಡುಗರೇ. ಇವಳು ಹತ್ತನೆಯವಳು. ಎರಡನೇ ನಿಮಿಷದಲ್ಲಿ ಮಾತು ಮರೆತಳು. ಸುಮಾರು ಹದಿನೈದು ಸೆಕೆಂಡು ಸುಮ್ನೆ ನಿಂತಳು. ಯಾರೋ ಚಪ್ಪಾಳೆ ತಟ್ಟಿದರು. ಹೇಗೋ ಮುಗಿಸಿ ಇಳಿದಳು. ಕೆಳಗೆ ಬಂದು ನನ್ನ ಪಕ್ಕ ಕೂತು, ‘ಆಯಿ, ಯಾರೂ ನಗಲ್ಲೆ’ ಅಂದಳು. ಕಣ್ಣಲ್ಲಿ ನೀರಿತ್ತು.

ಕೊನೆಯ ಬಸ್ ಹೋಗಿತ್ತು. ವಿದ್ಯಾನಗರದಲ್ಲಿ ನನ್ನ ದೊಡ್ಡಮ್ಮನ ಮಗಳ ಮನೆಗೆ ಹೋಗಿ ಮಲಗಿದೆವು. ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದು ಇಲ್ಲಿಗೆ ಸಾಕು ಅಂತ ಹೇಳಿಬಿಡಲೇ ಅಂತ ಯೋಚಿಸಿದೆ. ಬೆಳಿಗ್ಗೆ ಬಸ್ಸಿನಲ್ಲಿ ಅವಳೇ ಕೋಡಂಗಿ ವಿಷಯ ತೆಗೆದಳು. ಯಕ್ಷಗಾನದಲ್ಲಿ ಪ್ರಸಂಗ ಶುರುವಾಗುವ ಮೊದಲು, ಜನ ಇನ್ನೂ ಬಂದು ಸೇರುತ್ತಿರುವಾಗ, ಕಲಿಯುವ ಮಕ್ಕಳು ಕೋಡಂಗಿಯಾಗಿ ಕುಣಿಯುತ್ತಾರೆ. ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ತಪ್ಪು ಹೆಜ್ಜೆ ಹಾಕಿದರೂ ನೋಡುವವರು ಕಡಿಮೆ. ‘ಹುಬ್ಬಳ್ಳಿ ನನ್ನ ಕೋಡಂಗಿ ವೇಷ ಆಯಿ’ ಅಂದಳು. ಅವಳ ಆ ಮಾತು ಈ ಹದಿನಾಲ್ಕು ತಿಂಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗಿದೆ.

ಏಪ್ರಿಲ್ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಆರು ಸಲ ಮಾತಾಡಿದ್ದಳು. ಒಂದೊಂದು ಸಲವೂ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿ, ಮರುದಿನ ಕೇಳಿ, ಎಲ್ಲಿ ನಕ್ಕರು ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದಳು. ನಗು ಬಾರದ ಸಾಲಿಗೆ ಕೆಂಪು ಗೆರೆ. ಹೀಗೆ ಐದು ನಿಮಿಷ ಗಟ್ಟಿಯಾಯಿತು. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಕರೆ ಬಂತು.

ಬೆಂಗಳೂರಿನ ಖರ್ಚು ಬೇರೆ. ಶಿರಸಿಗೆ ರೈಲು ಇಲ್ಲ. ಕುಮಟಾಕ್ಕೋ ತಾಳಗುಪ್ಪಕ್ಕೋ ಹಾವೇರಿಗೋ ಹೋಗಿ ರೈಲು ಹತ್ತಬೇಕು. ನಾವು ರಾತ್ರಿ ಸ್ಲೀಪರ್ ಬಸ್ ಹಿಡಿದೆವು. ಅದರಲ್ಲಿ ಶಕ್ತಿ ಟಿಕೆಟ್ ನಡೆಯುವುದಿಲ್ಲ. ಹೋಗಿ ಬರುವುದು, ಆಟೋ, ಊಟ ಸೇರಿ ಒಂದು ಸಲಕ್ಕೆ 5,000 ರೂಪಾಯಿ ಹತ್ತಿರ ಆಗುತ್ತಿತ್ತು, ಅದೂ ಉಳಿಯಲು ನೆಂಟರ ಮನೆ ಇದ್ದಾಗ. ಅವಳಿಗೆ ಸಿಗುತ್ತಿದ್ದುದು ಹೆಚ್ಚೆಂದರೆ 1,000. ಆರು ಸಲ ಹೋಗಿದ್ದೇವೆ. ಈ ದುಡ್ಡು ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿ ಹೊರಡಬೇಡಿ. ಟ್ಯೂಷನ್ ಫೀಸು ಕೊಟ್ಟ ಹಾಗೆ ಅಂದುಕೊಳ್ಳಿ.

ಅಲ್ಲಿ ಕಾಯುವಾಗ ಒಬ್ಬರು ಹಿರಿಯ ಹಾಸ್ಯಗಾರ್ತಿ ನನಗೆ ಒಂದು ಮಾತು ಹೇಳಿದರು. ಅಮೆರಿಕದ ಡೇವ್ ಶಾಪೆಲ್ 14ನೇ ವಯಸ್ಸಿನಲ್ಲೇ ಕ್ಲಬ್‌ಗಳಲ್ಲಿ ಹಾಸ್ಯ ಶುರು ಮಾಡಿದವರು, ಆಗ ಅವರ ಅಮ್ಮ ಜೊತೆಗೆ ಹೋಗಿ ಕೂರುತ್ತಿದ್ದರು ಅಂತ. ಅಲ್ಲಿಯದೇ ಇನ್ನೊಬ್ಬ ಹಾಸ್ಯಗಾರ ಎಡ್ಡಿ ಮರ್ಫಿ ಶುರು ಮಾಡಿದ್ದು 15ಕ್ಕೆ. 1980ರಲ್ಲಿ, 19 ವರ್ಷಕ್ಕೆ, ದೇಶವೇ ನೋಡುವ ಟಿವಿ ಕಾರ್ಯಕ್ರಮಕ್ಕೆ ಸೇರಿದ್ದರು. ಬೋ ಬರ್ನಮ್ ಎಂಬ ಹುಡುಗ 2006ರಲ್ಲಿ, 16ನೇ ವಯಸ್ಸಿನಲ್ಲಿ, ತನ್ನ ಕೋಣೆಯಲ್ಲೇ ಹಾಡಿದ ವಿಡಿಯೋ ಹಾಕಿ ಹೆಸರಾದ. ಆದರೆ ದೊಡ್ಡವನಾದ ಮೇಲೆ ವೇದಿಕೆಯ ಮೇಲೆಯೇ ಗಾಬರಿ ಹಿಡಿಯಲು ಶುರುವಾಗಿ ಐದು ವರ್ಷ ಜನರ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಕ್ಲಬ್ಬಿನ ಮೂಲೆಯಲ್ಲಿ ಕೂರುತ್ತಿದ್ದ ಆ ಅಮ್ಮನ ಚಿತ್ರ ನನಗೆ ಧೈರ್ಯ ಕೊಟ್ಟಿತು. ಆ ಹುಡುಗನ ಗಾಬರಿಯ ಮಾತು ನಿದ್ದೆಗೆಡಿಸಿತು.

ಮೇ ಕೊನೆಗೆ ಆ ವಿಡಿಯೋ ಹೊರಬಂತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನನ್ನ ತಮ್ಮ, ಅಂದರೆ ಅವಳ ಮಾವ, ಸಿದ್ದಾಪುರದ ಹತ್ತಿರ ತೋಟ ಮಾಡಿಕೊಂಡಿದ್ದಾನೆ. ವಯಸ್ಸು 41. ಮದುವೆ ಆಗಿಲ್ಲ. ನಮ್ಮ ಕಡೆ ಇದು ಒಬ್ಬನ ಕಥೆ ಅಲ್ಲ. ತೋಟದ ಮನೆಗೆ ಹೆಣ್ಣು ಕೊಡುವವರಿಲ್ಲ. ಊರೂರಿನಲ್ಲಿ ಹೀಗೆ ಉಳಿದ ಗಂಡುಮಕ್ಕಳಿದ್ದಾರೆ. ಮಗಳ ಜೋಕ್ ಇದರ ಮೇಲೆ. ‘ನಮ್ಮ ಮಾವನಿಗೆ ತೋಟ ಇದೆ, ಜೀಪ್ ಇದೆ, ಬೋರ್‌ವೆಲ್ ಇದೆ. ಹೆಣ್ಣು ನೋಡಲು ಹೋದರೆ ಹುಡುಗಿ ಕೇಳಿದ್ದು ಒಂದೇ, ಮನೆಯಲ್ಲಿ ನೆಟ್‌ವರ್ಕ್ ಬರ್ತದಾ? ಮಾವ ಅಂದ, ಅಟ್ಟ ಹತ್ತಿದರೆ ಒಂದು ಕಡ್ಡಿ ಬರ್ತದೆ. ಹುಡುಗಿ ಎದ್ದು ಹೋದಳು. ಮಾವ ಇನ್ನೂ ಅಟ್ಟದ ಮೇಲೇ ಇದ್ದಾನೆ. ಕಡ್ಡಿ ಬಂತು, ಹೆಣ್ಣು ಬರಲಿಲ್ಲ.’

ಬರಹದಲ್ಲಿ ಇದು ಅಷ್ಟು ನಗು ಬರಿಸಲಿಕ್ಕಿಲ್ಲ. ಅವಳು ನಮ್ಮ ಹವ್ಯಕ ಮಾತಿನ ರಾಗದಲ್ಲಿ, ಮಾವ ಅಟ್ಟ ಹತ್ತುವ ಹಾಗೆ ಕಾಲೆತ್ತಿ ಹೇಳುವಾಗ ಇಡೀ ಹಾಲ್ ನಗುತ್ತಿತ್ತು. ಬೆಂಗಳೂರಿನ ಸಂಘಟಕರು 58 ಸೆಕೆಂಡಿನ ತುಣುಕು ಮಾಡಿ ಹಾಕಿದರು. ಮೂರು ದಿನದಲ್ಲಿ ಲಕ್ಷ ದಾಟಿತು. ಒಂದು ವಾರದಲ್ಲಿ ನಮ್ಮ ಊರಿನ ಎಲ್ಲ ವಾಟ್ಸಾಪ್ ಗುಂಪಿಗೂ ಬಂತು. ಸೊಸೈಟಿಗೆ ಹೋದರೆ, ಹಾಲು ಡೇರಿಗೆ ಹೋದರೆ, ‘ನಿಮ್ಮ ಕೂಸು ಭಾರಿ ಆಯ್ತು’ ಅನ್ನುತ್ತಿದ್ದರು. ನನಗೆ ಹೆಮ್ಮೆ ಆಗಿತ್ತು. ತಮ್ಮನಿಗೆ ಏನನ್ನಿಸೀತು ಅಂತ ಆ ವಾರ ಪೂರ್ತಿ ನಾನು ಒಂದು ಸಲವೂ ಯೋಚಿಸಲಿಲ್ಲ.

ಆಮೇಲೆ ಕಾಗದಪತ್ರದ ಕಾಲ. ಜೂನ್, ಜುಲೈ ಪೂರ್ತಿ ಇದರಲ್ಲೇ ಹೋಯಿತು. ಹೊಸಬರಿಗೆ ಹೆಚ್ಚು ಉಪಯೋಗ ಆಗುವುದು ಈ ಭಾಗವೇ. ನಿಧಾನವಾಗಿ ಓದಿ.

ಒಂದು ಕಂಪನಿ ಜಾಹೀರಾತಿನ ರೀಲ್‌ಗೆ 60,000 ರೂಪಾಯಿ ಕೊಡುತ್ತೇವೆ ಅಂದಿತು. ಅವಳ ಹೆಸರಿನ ಪ್ಯಾನ್ ಕೇಳಿದರು. ಮಕ್ಕಳಿಗೂ ಪ್ಯಾನ್ ಸಿಗುತ್ತದೆ. ಪಾಲಕರು ಅರ್ಜಿ ಹಾಕಬೇಕು. ಕಾರ್ಡಿನಲ್ಲಿ ಮಗುವಿನ ಫೋಟೋ, ಸಹಿ ಇರುವುದಿಲ್ಲ. 18 ಆದ ಮೇಲೆ ಅವೆರಡನ್ನೂ ಸೇರಿಸಲು ಮತ್ತೆ ಅರ್ಜಿ ಕೊಡಬೇಕು. ನಮಗೆ 107 ರೂಪಾಯಿ ಶುಲ್ಕ ಆಯಿತು. ಆದರೆ ಅರ್ಜಿ ಎರಡು ಸಲ ವಾಪಸ್ ಬಂತು. ಕಾರಣ ನಮ್ಮ ಅಡ್ಡಹೆಸರು. ಇಂಗ್ಲಿಷಿನಲ್ಲಿ ಜನನ ಪತ್ರದಲ್ಲಿ ಹೆಗಡೆ, ಆಧಾರ್‌ನಲ್ಲಿ ಹೆಗ್ಡೆ. ಒಂದು ಅಕ್ಷರ! ಆಧಾರ್ ಸರಿಮಾಡಿಸಲು ಟೋಕನ್ ಹಿಡಿದು ಮೂರು ದಿನ ಓಡಾಡಿದೆ. ಮೊದಲ ದಿನ ಸರ್ವರ್ ಇಲ್ಲ. ಎರಡನೇ ದಿನ ಟೋಕನ್ ಮುಗಿದಿತ್ತು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಹಾಗಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಮಾಡಿಸಿ. ಶಿರಸಿ ಕಡೆಯ ಎಲ್ಲ ಹೆಗಡೆಯವರೂ ಇವತ್ತೇ ಮಕ್ಕಳ ಕಾಗದ ತೆಗೆದು ನೋಡಿಕೊಳ್ಳಿ.

ಪ್ಯಾನ್ ಕೊಡದಿದ್ದರೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, 10%ರ ಬದಲು 20% ಹಿಡಿಯುತ್ತಾರೆ. ನಮ್ಮದು ಕೊನೆಗೆ ಸಮಯಕ್ಕೆ ಬಂತು, 6,000 ಹಿಡಿದು 54,000 ಕೊಟ್ಟರು. ಹಿಡಿದದ್ದು ಮುಂದಿನ ವರ್ಷ ರಿಟರ್ನ್ ಹಾಕಿದ ಮೇಲೆ ಸಿಗಬೇಕು. ಇಲ್ಲಿ ಒಂದು ವಿಷಯ ನಮ್ಮ ಲೆಕ್ಕಪರಿಶೋಧಕರಿಂದ ತಿಳಿಯಿತು. ಚಿಕ್ಕ ಮಕ್ಕಳ ಹೆಸರಿನ ಬಡ್ಡಿ ಮುಂತಾದ ಆದಾಯವನ್ನು ಅಪ್ಪ ಅಮ್ಮನ ಆದಾಯಕ್ಕೆ ಸೇರಿಸುತ್ತಾರೆ. ಆದರೆ ಮಗು ತನ್ನ ಪ್ರತಿಭೆಯಿಂದ ದುಡಿದದ್ದು ಮಗುವಿನದ್ದೇ ಲೆಕ್ಕ. ಅದಕ್ಕೇ ಅವಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಮಾಡಿಸಿದೆವು. 10 ವರ್ಷ ದಾಟಿದ ಮಕ್ಕಳು ತಾವೇ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶ ಇದೆ. ಹಣದ ಮಿತಿ ಮಾತ್ರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ.

ನಿಮ್ಮ ಮಗುವಿಗೆ 14 ತುಂಬಿಲ್ಲ ಅಂದರೆ ನಿಯಮ ಇನ್ನೂ ಬಿಗಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ, ಬಾಲ ಕಲಾವಿದರನ್ನು ದುಡಿಸುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ವಿರಾಮ ಇಲ್ಲದೆ 3 ಗಂಟೆಗಿಂತ ಜಾಸ್ತಿ ಇಲ್ಲ. ಗಳಿಕೆಯಲ್ಲಿ ಕನಿಷ್ಠ 20% ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಸಂಘಟಕರು ಇದನ್ನು ತಾವಾಗಿ ಹೇಳುವುದಿಲ್ಲ. ನೀವೇ ಕೇಳಿ.

ಯೂಟ್ಯೂಬ್ ಚಾನೆಲ್ಲನ್ನೂ ಶುರು ಮಾಡಿದೆವು. ಜಾಹೀರಾತಿನ ಹಣ ಬರಲು 1,000 ಚಂದಾದಾರರು ಬೇಕು. ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ನೋಡಿರಬೇಕು, ಅಥವಾ 90 ದಿನದಲ್ಲಿ ಶಾರ್ಟ್ಸ್ ಎಂಬ ಚಿಕ್ಕ ವಿಡಿಯೋಗಳಿಗೆ 1 ಕೋಟಿ ವೀಕ್ಷಣೆ ಬರಬೇಕು. ಹಣ ಪಡೆಯುವ ಆಡ್‌ಸೆನ್ಸ್ ಖಾತೆ 18 ತುಂಬಿದವರಿಗೆ ಮಾತ್ರ. ಹಾಗಾಗಿ ನನ್ನ ಖಾತೆ ಜೋಡಿಸಿದೆವು. 10 ಡಾಲರ್ ಆದಾಗ ವಿಳಾಸ ಖಚಿತಪಡಿಸಲು ಒಂದು ಪಿನ್ ಸಂಖ್ಯೆಯ ಪತ್ರ ಅಂಚೆಯಲ್ಲಿ ಬರುತ್ತದೆ. ನಮ್ಮ ಮನೆಗೆ ಅದು ಬರಲೇ ಇಲ್ಲ. ಎರಡನೇ ಸಲ ಪೇಟೆಯ ವಿಳಾಸ ಕೊಟ್ಟೆ, 24 ದಿನಕ್ಕೆ ಬಂತು. ಹಳ್ಳಿಯವರು ಮೊದಲೇ ಪೇಟೆಯ ವಿಳಾಸ ಕೊಡುವುದು ಒಳ್ಳೆಯದು. ಅಂದಹಾಗೆ, 100 ಡಾಲರ್ ಆಗುವವರೆಗೆ ಬ್ಯಾಂಕಿಗೆ ಏನೂ ಬರುವುದಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಒಂದು ಒಪ್ಪಂದ. ಒಂದು ಏಜೆನ್ಸಿ ಒಂಬತ್ತು ಪುಟದ ಕಾಗದ ಕಳಿಸಿತು. ಐದು ವರ್ಷ ಅವಳು ಅವರ ಮೂಲಕವೇ ಕಾರ್ಯಕ್ರಮ ಕೊಡಬೇಕು, ಎಲ್ಲ ವಿಡಿಯೋದ ಹಕ್ಕು ಅವರದ್ದು, ಗಳಿಕೆಯ 40% ಅವರದ್ದು. ಮೂರು ದಿನದಲ್ಲಿ ಸಹಿ ಮಾಡಿ ಅಂದರು. ‘ಈಗ ಬಿಟ್ಟರೆ ಜನ ಮರೀತಾರೆ’ ಅಂತ ದಿನಾ ಫೋನ್. ನನ್ನವರಿಗೆ ಸಹಿ ಮಾಡೋಣ ಅನ್ನಿಸಿತ್ತು. ನಾನು ಶಿರಸಿಯಲ್ಲೇ ಒಬ್ಬರು ವಕೀಲರ ಹತ್ತಿರ ಹೋದೆ. ಅವರು 1,500 ರೂಪಾಯಿ ತೆಗೆದುಕೊಂಡು ಒಂದು ಗಂಟೆ ಕೂತು ಓದಿ ಹೇಳಿದರು. 18 ತುಂಬದವರು ಮಾಡಿಕೊಂಡ ಕರಾರಿಗೆ ನಮ್ಮ ಕಾನೂನಿನಲ್ಲಿ ಬೆಲೆ ಇಲ್ಲ, 1903ರ ಮೊಹೊರಿ ಬೀಬಿ ಪ್ರಕರಣದಿಂದ ಇದು ಗಟ್ಟಿಯಾಗಿದೆ. ಅದಕ್ಕೇ ಅವರಿಗೆ ನಿಮ್ಮ ಸಹಿ ಬೇಕು, ಸಹಿ ಹಾಕಿದರೆ ಜಗಳ ನಿಮ್ಮ ಮೇಲೆ ಬರುತ್ತದೆ ಅಂದರು. ಸಹಿ ಹಾಕಲಿಲ್ಲ. ಆ 1,500ಕ್ಕಿಂತ ಒಳ್ಳೆಯ ಖರ್ಚು ನಾನು ಈ ವರ್ಷ ಮಾಡಿಲ್ಲ.

ಆಗಸ್ಟ್‌ನಲ್ಲಿ ಧಾರವಾಡದಲ್ಲಿ 20 ನಿಮಿಷದ ಕಾರ್ಯಕ್ರಮ. ಟಿಕೆಟ್ ಎಲ್ಲ ಹೋಗಿತ್ತು. ಅದಾಗಿ ಹತ್ತು ದಿನಕ್ಕೆ ಒಂದು ಪತ್ರಿಕೆಯ ಪುರವಣಿಯಲ್ಲಿ ಅವಳ ಬಗ್ಗೆ ಅರ್ಧ ಪುಟ ಬಂತು. ಬರೆದವರು ನಾಟಕಗಳ ಬಗ್ಗೆ ಬಹಳ ಕಾಲದಿಂದ ಬರೆಯುವವರು. ಮಾತಿನ ಓಟ, ನಿಲ್ಲಿಸುವ ಜಾಗ, ಮೈಯ ಚಲನೆ ಎಲ್ಲವನ್ನೂ ಹೊಗಳಿದ್ದರು. ಆಮೇಲೆ ಮಾವನ ಜೋಕಿಗೆ ಬಂದಿದ್ದರು. ಈ ಹುಡುಗಿ ಅಟ್ಟದ ಮೇಲಿನ ಮನುಷ್ಯನನ್ನು ಕೆಳಗೆ ನಿಂತು ನೋಡುತ್ತಾಳೆ, ಒಂದು ಸಲವೂ ಅಟ್ಟ ಹತ್ತಿ ಅವನ ಪಕ್ಕ ಕೂರುವುದಿಲ್ಲ. ಊರಿನವರು ಆಗಲೇ ನಗುತ್ತಿರುವವನನ್ನು ನೋಡಿ ನಗಿಸುವುದು ಸುಲಭ, ಅವಳಿಗೆ ಅದಕ್ಕಿಂತ ಹೆಚ್ಚಿನ ಶಕ್ತಿ ಇದೆ. ಈ ವಯಸ್ಸಿಗೆ ಇಷ್ಟು ಚಪ್ಪಾಳೆ ಸಿಕ್ಕಿದರೆ ಕಲಿಯುವುದು ನಿಂತೀತು ಎಂಬ ಭಯ ನನಗಿದೆ, ಅಂತ ಬರೆದಿದ್ದರು.

ನನಗೆ ಸಿಟ್ಟು ಬಂತು. ಇನ್ನೂ ಮಗು, ದೊಡ್ಡವರ ತಕ್ಕಡಿಯಲ್ಲಿ ಯಾಕೆ ತೂಗಬೇಕು ಅಂತ. ಪತ್ರಿಕೆಯನ್ನು ಅವಳಿಗೆ ಕಾಣದ ಹಾಗೆ ಕಪಾಟಿನಲ್ಲಿಟ್ಟೆ. ಅವಳಿಗೆ ಗೆಳತಿಯರಿಂದ ಮೊದಲೇ ಗೊತ್ತಾಗಿತ್ತು. ಕಪಾಟಿನಿಂದ ತೆಗೆದು ಮೂರು ಸಲ ಓದಿದಳು. ಏನೂ ಹೇಳಲಿಲ್ಲ. ರಾತ್ರಿ ಊಟ ಮಾಡಲಿಲ್ಲ.

ಅದೇ ವಾರ ಇನ್ನೊಂದು ಬಗೆಯ ಟೀಕೆಯೂ ಜೋರಾಗಿತ್ತು, ಕಾಮೆಂಟುಗಳು. ಒಬ್ಬ ಇವಳ ಮೈಬಣ್ಣದ ಬಗ್ಗೆ, ಇನ್ನೊಬ್ಬ ಇವಳ ಮದುವೆಯ ಬಗ್ಗೆ, ಮತ್ತೊಬ್ಬ ಬರೆಯಲಾಗದ ಮಾತು. 17 ತುಂಬದ ಹುಡುಗಿಯ ಬಗ್ಗೆ. ಓದಿ ಕೈಕಾಲು ನಡುಗಿತು. ಅಂಥವನ್ನು ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಲಿಂಕ್ ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಷಯಕ್ಕೇ ಬೇರೆ ವಿಭಾಗ ಇದೆ. ಅಲ್ಲಿ ನಿಮ್ಮ ಹೆಸರು ಹೇಳದೆಯೂ ದೂರು ಕೊಡಬಹುದು. ನಾವು ಎರಡು ದೂರು ಕೊಟ್ಟೆವು. ಆ ಖಾತೆಗಳು ಮಾಯವಾದವು. ಆಮೇಲೆ ಕಾಮೆಂಟ್ ಮುಚ್ಚಿದೆವು. ಖಾತೆಯ ಪಾಸ್‌ವರ್ಡ್ ಈಗಲೂ ನನ್ನ ಹತ್ತಿರವೇ ಇದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಕೊಳಕು ಕಾಮೆಂಟು ಮತ್ತು ಆ ವಿಮರ್ಶೆ ಎರಡನ್ನೂ ನಾನು ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೆ. ಮಗಳು ಕಟ್ಟಲಿಲ್ಲ. ಕಾಮೆಂಟುಗಳನ್ನು ಎರಡು ದಿನ ಅತ್ತು ಮರೆತಳು. ವಿಮರ್ಶೆಯನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿದಳು. ಆ ಕೆಂಪು ಗೆರೆಗಳ ನೋಟ್‌ಬುಕ್ಕಿಗೆ.

ಗಣೇಶ ಚೌತಿಗೆ ತಮ್ಮನ ಮನೆಗೆ ಹೋದೆವು. ಮೂರು ತಿಂಗಳಿಂದ ಅವನು ನಮ್ಮ ಮನೆಗೆ ಬಂದಿರಲಿಲ್ಲ. ಮಳೆ, ಕೊಳೆ ರೋಗ, ಮದ್ದು ಹೊಡೆಯುವ ಕೆಲಸ ಅಂತ ನಾನು ಅಂದುಕೊಂಡಿದ್ದೆ. ಊಟ ಆದ ಮೇಲೆ ಮಗಳು ಅವನ ಹತ್ತಿರ ಹೋಗಿ ಕೂತು, ‘ಮಾವ, ಬೇಜಾರಾಯ್ದಾ?’ ಅಂತ ಕೇಳಿದಳು. ಅವನು ಕವಳ ಹಾಕುತ್ತಿದ್ದ. ‘ಅಡ್ಡಿಲ್ಲೆ ತಂಗಿ, ನೀ ಹೇಳಿದ್ದು ಖರೇನೇಯ’ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೇಟೆಯಲ್ಲಿ ಗೊಬ್ಬರ ತರಲು ಹೋದಾಗ ಹುಡುಗರು ‘ಕಡ್ಡಿ ಬಂತಾ?’ ಅಂತ ಕೇಳುತ್ತಾರೆ ಅಂದ. ನಗುತ್ತಲೇ ಹೇಳಿದ. ನನಗೆ ಅವನ ಮುಖ ನೋಡಲು ಆಗಲಿಲ್ಲ. ನಾನು ಅವನ ಅಕ್ಕ. ಆ ಜೋಕನ್ನು ಮೊದಲು ಕೇಳಿದವಳು ನಾನು, ಮೊದಲು ನಕ್ಕವಳೂ ನಾನೇ.

ಮಗಳು ಮರುದಿನವೇ ಆ ವಿಡಿಯೋ ತೆಗೆಸಲು ಹೊರಟಳು. ಸಂಘಟಕರು ತಮ್ಮ ಪುಟದಿಂದ ತೆಗೆದರು, ಅದಕ್ಕೆ ಹನ್ನೊಂದು ದಿನ ಹಿಡಿಯಿತು. ಆದರೆ ಬೇರೆಯವರು ಹಾಕಿಕೊಂಡದ್ದು ಇನ್ನೂ ಓಡುತ್ತಲೇ ಇದೆ. ವಿಡಿಯೋ ಹಾಕುವ ಮೊದಲು ನಿಮ್ಮ ಒಪ್ಪಿಗೆ ಬೇಕು ಅಂತ ಸಂಘಟಕರ ಹತ್ತಿರ ಬರೆಸಿಕೊಳ್ಳಿ. ಮಗು ಯಾರ ಬಗ್ಗೆ ಮಾತಾಡುತ್ತದೋ ಅವರಿಗೆ ಮೊದಲೇ ಒಮ್ಮೆ ಕೇಳಿಸಿ. ನಾವು ಎರಡನ್ನೂ ಮಾಡಲಿಲ್ಲ.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂದ ಏಳು ಕರೆಗಳಿಗೆ ಆಗುವುದಿಲ್ಲ ಅಂದೆವು. ಕಾಲೇಜಿನಲ್ಲಿ ಹಾಜರಿ 75%ಗಿಂತ ಕೆಳಗಿಳಿಯುವ ಹಂತಕ್ಕೆ ಬಂದಿತ್ತು. ಕಲಾವಿದೆ ಅಂತ ಅದರಲ್ಲಿ ವಿನಾಯಿತಿ ಇಲ್ಲ. ಮುಚ್ಚಳಿಕೆ ಬರೆದುಕೊಟ್ಟು ಬಂದೆ. ಪಿಯುಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಒಂದು ತಪ್ಪಿದರೆ ಇನ್ನೊಂದು ಬರೆಯಬಹುದು ಅಂತ ಕೆಲವರು ಹೇಳಿದರು. ಹಾಜರಿ ಇಲ್ಲದಿದ್ದರೆ ಆ ಮಾತು ಉಪಯೋಗಕ್ಕೆ ಬರುವುದಿಲ್ಲ.

ಆ ಎರಡು ತಿಂಗಳು ಪ್ರತಿ ಭಾನುವಾರ ಅವಳು ಸಿದ್ದಾಪುರಕ್ಕೆ ಹೋಗುತ್ತಿದ್ದಳು. ಮಾವನ ತೋಟದಲ್ಲಿ ಓಡಾಡಿ, ಸಂಜೆ ಅಟ್ಟದ ಮೇಲೆ ಅವನ ಜೊತೆ ಕೂತು ಬರುತ್ತಿದ್ದಳು. ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ.

ಡಿಸೆಂಬರಿನಲ್ಲಿ ಶಿರಸಿಯಲ್ಲೇ ಒಂದು ಕಾರ್ಯಕ್ರಮ ಮಾಡುತ್ತೇನೆ, ಯಾವ ಸಂಘಟಕರೂ ಬೇಡ, ಅಂದಳು. ಸಭಾಭವನದ ಬಾಡಿಗೆ, ಮೈಕ್, ಕುರ್ಚಿ, ಕಷಾಯ, ಎಲ್ಲ ಸೇರಿ 14,000 ಆಯಿತು. ಅವಳ ಖಾತೆಯಿಂದಲೇ ಕೊಟ್ಟೆವು. ಮೊಬೈಲ್ ರೆಕಾರ್ಡಿಂಗ್ ಬೇಡ ಅಂತ ಬಾಗಿಲಲ್ಲಿ ಬೋರ್ಡ್ ಹಾಕಿದೆವು. 130 ಜನ ಬಂದರು. ತಮ್ಮನೂ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೂರನೇ ಸಾಲಿನಲ್ಲಿ ಕೂತ.

ಅರ್ಧ ಆದ ಮೇಲೆ ಅವಳು ಅಟ್ಟದ ಕಥೆಗೆ ಬಂದಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಈ ಸಲ ಅವಳೂ ಕಥೆಯೊಳಗೆ ಇದ್ದಳು. ಮಾವನ ತೋಟದ ಅಡಿಕೆ ಮಾರಿದ ದುಡ್ಡಿನಲ್ಲಿ ತನ್ನ ಕಾಲೇಜಿನ ಫೀಸು ಕಟ್ಟಿದ್ದು, ಹಬ್ಬಕ್ಕೆ ಹೋದಾಗೆಲ್ಲ ತೋಟದಲ್ಲಿ ನಿಂತು ಫೋಟೋ ಹೊಡೆದುಕೊಂಡದ್ದು, ಅದನ್ನು ಹಾಕಲು ನೆಟ್‌ವರ್ಕ್ ಹುಡುಕಿ ತಾನೇ ಅಟ್ಟ ಹತ್ತಿದ್ದು. ಅಲ್ಲಿ ಮಾವ ಕೂತಿದ್ದ. ‘ತಂಗಿ, ನಾಳೆ ನೀನಾದ್ರೆ ಇಂಥ ಮನೆಗೆ ಮದುವೆಯಾಗಿ ಬರ್ತೀಯಾ?’ ಅಂತ ಕೇಳಿದ. ಅವಳು ಮೈಕನ್ನು ಕಿವಿಗೆ ಹಿಡಿದು, ಸ್ವಲ್ಪ ಹೊತ್ತು ನಿಂತು, ‘ಹಲೋ... ಮಾವ... ಕಡ್ಡಿ ಹೋಯ್ತು ಕಾಣ್ತದೆ, ನಿನ್ನ ಮಾತು ಕೇಳ್ತಾ ಇಲ್ಲ’ ಅಂದಳು.

ಒಂದು ಕ್ಷಣ ಯಾರೂ ನಗಲಿಲ್ಲ. ಮೊದಲು ನಕ್ಕಿದ್ದು ಮೂರನೇ ಸಾಲಿನಿಂದ. ತಮ್ಮ ಎದ್ದೇ ಬಿಟ್ಟಿದ್ದ. ತೊಡೆ ತಟ್ಟಿಕೊಂಡು, ಕಣ್ಣು ಒರೆಸಿಕೊಂಡು ನಗುತ್ತಿದ್ದ. ಆಮೇಲೆ ಇಡೀ ಹಾಲ್ ನಕ್ಕಿತು. ಹೆಣ್ಣುಮಕ್ಕಳಿದ್ದ ಸಾಲುಗಳಲ್ಲಿ ಕೆಲವರು ನಕ್ಕು ತಲೆ ತಗ್ಗಿಸಿದ್ದನ್ನೂ ನೋಡಿದೆ.

ಮುಗಿದ ಮೇಲೆ ಕುರ್ಚಿ ಎತ್ತಿಡಲು ತಮ್ಮನೇ ನಿಂತ. ರಾತ್ರಿ ಹನ್ನೊಂದಕ್ಕೆ ಜೀಪ್ ಹತ್ತುವ ಮೊದಲು ಮಗಳನ್ನು ಕರೆದು ಕೈಗೆ ಒಂದು ಪೊಟ್ಟಣ ಕೊಟ್ಟ. ಮನೆಗೆ ಬಂದು ಬಿಚ್ಚಿ ನೋಡಿದರೆ ಹೊಸ ನೋಟ್‌ಬುಕ್, ಒಂದು ಕೆಂಪು ಪೆನ್ನು.